ಸ್ವಾಮಿ ಕೂರುತ್ತಿದ್ದ ಸೀಟು

ಕುಮುದ ಊಟ ಬಿಟ್ಟಾಗ ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡಿದ್ದೆವು. ಆಮೇಲೆ ಅವಳು ಎಡಗೈಯಿಂದ ದವಡೆಗೆ ಹೊಡೆದುಕೊಳ್ಳಲು ಶುರುಮಾಡಿದಳು. ನನ್ನ ಮಗಳಿಗೆ ಮಾತು ಬರುವುದಿಲ್ಲ. ವಯಸ್ಸು ಹದಿನೇಳು. ಹುಟ್ಟಿದಾಗಿನಿಂದ ತಾನಾಗಿ ಕೂತವಳಲ್ಲ, ನಿಂತವಳಲ್ಲ. ಗೋಡೆಗೆ ಒರಗಿಸಿ ಕೂರಿಸಿದರೂ ಹಗ್ಗದ ಮೇಲಿನ ಒದ್ದೆ ಸೀರೆಯ ಹಾಗೆ ಒಂದು ಕಡೆಗೆ ಜಾರಿಬಿಡುತ್ತಾಳೆ. ಬಾಯಿ ತೆರೆಸಲು ಹೋದರೆ ನನ್ನ ಬೆರಳು ಕಚ್ಚಿದಳು. ಕೊನೆಗೆ ನನ್ನ ಗಂಡ ಚೆಲುವರಾಜು ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡರು, ನಾನು ಟಾರ್ಚು ಬಿಟ್ಟು ನೋಡಿದೆ. ಹಿಂದಿನ ಹಲ್ಲೊಂದು ಕಪ್ಪಾಗಿ ಟೊಳ್ಳಾಗಿತ್ತು. ಸುತ್ತಲಿನ ಒಸಡು ಊದಿ ಕೆಂಪಗೆ ಹೊಳೆಯುತ್ತಿತ್ತು. ಇಷ್ಟು ದಿನ ನಾನು ತುರುಕಿದ ಅನ್ನವನ್ನು ಆ ನೋವಿನಲ್ಲೇ ನುಂಗಿದ್ದಳಲ್ಲ ಅನ್ನಿಸಿ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟೆ. ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು.

ಊರಿನ ಡಾಕ್ಟರು ಮನೆಗೇ ಬಂದು ನೋಡಿದರು. "ಇವಳನ್ನ ಎಚ್ಚರ ಇಟ್ಕೊಂಡು ಹಲ್ಲು ಕೀಳೋಕಾಗಲ್ಲ ಜಯಶೀಲಮ್ಮ. ಪೂರ್ತಿ ಮತ್ತು ಕೊಟ್ಟೇ ಕೀಳ್ಬೇಕು. ಅದಕ್ಕೆ ಆಚೆ ಕಡೆ ದೊಡ್ಡಾಸ್ಪತ್ರೆಗೇ ಹೋಗ್ಬೇಕು," ಅಂದರು. ಸೂಜಿ ಚುಚ್ಚಿ, ಮಾತ್ರೆ ಕೊಟ್ಟು, ಚೀಲ ಮುಚ್ಚುತ್ತಾ, "ಇದು ತಾತ್ಕಾಲಿಕ. ಕೀವು ಕುತ್ತಿಗೆಗೆ ಇಳಿದ್ರೆ ಉಸಿರಿಗೇ ತೊಂದ್ರೆ ಆಗ್ತದೆ. ತಡ ಮಾಡ್ಬೇಡಿ," ಅಂತ ಸೇರಿಸಿದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಆಚೆ ಕಡೆಗೆ ಕುಮುದಳನ್ನು ಕರೆದೊಯ್ಯುವುದೇ ದೊಡ್ಡ ಕಷ್ಟವಾಗಿತ್ತು.

ನಮ್ಮ ಊರಿನಿಂದ ಆಚೆ ಕಡೆಗೆ ಇರುವುದು ಒಂದೇ ರಸ್ತೆ, ಎರಡೂ ಬದಿಗೆ ಜೌಗು. ಆ ರಸ್ತೆ ಮಗ್ಗುಲು ಬದಲಿಸುತ್ತದೆ. ಯಾವಾಗ ಎಂದು ಹೇಳಲಾಗದು. ನಿದ್ದೆಯಲ್ಲಿರುವವರು ಹೊರಳಿದ ಹಾಗೆ ಮೆಲ್ಲಗೆ ಹೊರಳುತ್ತದೆ, ಮೇಲಿರುವ ಗಾಡಿಗಳೂ ಅದರ ಜೊತೆ ತಲೆಕೆಳಗಾಗುತ್ತವೆ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಹಾಗೇ ಇದ್ದು ಮತ್ತೆ ನೆಟ್ಟಗಾಗುತ್ತದೆ. ಗಾಲಿಗಳು ರಸ್ತೆ ಬಿಡುವುದಿಲ್ಲ. ಒಳಗಿರುವವರು ಮಾತ್ರ ಬಿಗಿದುಕೊಂಡಿರಬೇಕು. ಅದಕ್ಕೇ ನಮ್ಮೂರಿನ ಗಂಡಸರ ಜೇಬಿಗೆಲ್ಲ ಗುಂಡಿ ಇರುತ್ತದೆ. ಮದುಮಗಳ ಜಡೆಗೆ ಹೂವನ್ನು ದಾರದಲ್ಲಿ ಹೊಲಿದೇ ಕಳಿಸುತ್ತಾರೆ. ಕುರಿ ಮೇಕೆಗಳನ್ನು ಲಾರಿಯಲ್ಲಿ ಗೋಣಿತಾಟಿನ ಜೋಲಿ ಕಟ್ಟಿ ಸಾಗಿಸುತ್ತಾರೆ. ಹೊರಟವರಿಗೆ "ಬಿಗಿಯಾಗಿ ಹೋಗ್ಬನ್ನಿ" ಅನ್ನುವುದು ವಾಡಿಕೆ. ಊರ ಅಂಚಿನಲ್ಲಿ ಗೇಟು ಇದೆ. ಅಲ್ಲಿನ ಗುರುಪಾದಯ್ಯ ಒಬ್ಬೊಬ್ಬರ ಬೆಲ್ಟನ್ನೂ ಎಳೆದು ನೋಡದೆ ಗೇಟು ಎತ್ತುವುದಿಲ್ಲ.

ಚಿಕ್ಕವಳಿದ್ದಾಗ ಕುಮುದಳಿಗೆ ಇದು ತೊಂದರೆಯಾಗಿರಲಿಲ್ಲ. ಮಕ್ಕಳ ಸೀಟು ಎಲ್ಲರ ಮನೆಯಲ್ಲೂ ಇರುತ್ತದೆ: ಎರಡು ಭುಜದ ಮೇಲೆ, ಎರಡು ಸೊಂಟದ ಮೇಲೆ, ಒಂದು ಕಾಲುಗಳ ನಡುವೆ ಪಟ್ಟಿ, ಎಲ್ಲವೂ ಹೊಟ್ಟೆಯ ಹತ್ತಿರ ಒಂದೇ ಬಕಲಿಗೆ ಸೇರುತ್ತವೆ. ಅದರಲ್ಲಿ ಕೂರಿಸಿದರೆ ಎಲ್ಲ ಮಕ್ಕಳ ಹಾಗೆಯೇ ಕಾಣುತ್ತಿದ್ದಳು. ಆಮೇಲೆ ಅವಳು ಬೆಳೆದಳು. ಹನ್ನೊಂದಕ್ಕೋ ಹನ್ನೆರಡಕ್ಕೋ ಭುಜ ಸೀಟಿನ ಅಂಚು ದಾಟಿತು, ಬಕಲು ಮುಚ್ಚದಾಯಿತು. ಆವತ್ತಿನಿಂದ ಅವಳು ಊರು ದಾಟಿಲ್ಲ. ಮೈ ಭಾರವಾದ ಹಾಗೆ ಬೀದಿಗೆ ಎತ್ತಿಕೊಂಡು ಹೋಗುವುದೂ ನಿಂತಿತು. ಹಾಸಿಗೆ, ಬಚ್ಚಲು, ಕಿಟಕಿಯ ಪಕ್ಕದ ಚಾಪೆ, ಇಷ್ಟರಲ್ಲೇ ಅವಳ ಓಡಾಟ. ಎತ್ತಿ ಇಳಿಸಿ ನನ್ನ ಸೊಂಟ ಹೋಗಿದೆ. ಬೆಳಿಗ್ಗೆ ಎದ್ದಾಗಲೇ ಸಾಯಂಕಾಲದಷ್ಟು ಸುಸ್ತಾಗಿರುತ್ತದೆ.

ಸೂಜಿಯ ಮೇಲೆ ಭರವಸೆ ಇಟ್ಟು ಕೂರಲು ಮನಸ್ಸಾಗಲಿಲ್ಲ. ಚೆಲುವರಾಜು ಹಾಲಿನ ವ್ಯಾನು ಓಡಿಸುತ್ತಾರೆ. ದಿನಾ ಆಚೆ ಕಡೆಗೆ ಕ್ಯಾನುಗಳನ್ನು ಒಯ್ಯುವುದು ಅವರ ಕೆಲಸ. ಮರುದಿನ ಕ್ಯಾನು ಇಳಿಸಿ, ಕುಮುದಳನ್ನು ಮಧ್ಯದ ಸೀಟಿನಲ್ಲಿ ಕೂರಿಸಿ, ಮಾಮೂಲಿ ಬೆಲ್ಟು ಹಾಕಿದೆವು. ಅದು ಸಾಲದೆಂದು ನನ್ನ ಎರಡು ಹಳೇ ಸೀರೆಗಳನ್ನು ಎದೆಗೆ ಅಡ್ಡಡ್ಡ ಸುತ್ತಿ ಸೀಟಿನ ಹಿಂದೆ ಗಂಟು ಹಾಕಿದೆ. ಎರಡೂ ಪಕ್ಕ ದಿಂಬು ಒತ್ತಿದೆ. ನೋಡಿದರೆ ಗಟ್ಟಿಯಾಗಿಯೇ ಕಾಣುತ್ತಿತ್ತು.

ಗುರುಪಾದಯ್ಯ ಬಾಗಿಲು ಸರಿಸಿ ನೋಡಿದರು. "ಇದೇನಮ್ಮ ಇದು?"

"ಸೀರೆ ಕಟ್ಟಿದೀನಿ. ಗಟ್ಟಿಯಾಗದೆ."

ಅವರು ಕುಮುದಳ ಮೊಣಕಾಲು ಹಿಡಿದು ಮೆಲ್ಲಗೆ ತಮ್ಮ ಕಡೆಗೆ ಎಳೆದರು. ಅವಳ ಸೊಂಟ ಸೀಟಿನ ಮೇಲೆ ಸಲೀಸಾಗಿ ಮುಂದಕ್ಕೆ ಜಾರಿತು. ಎದೆಯ ಮೇಲಿದ್ದ ಸೀರೆ ನೇರವಾಗಿ ಗಲ್ಲದ ಕೆಳಗೆ ಬಂದು ನಿಂತಿತು. ಕುಮುದ ಕೆಮ್ಮಿದಳು.

"ನೋಡ್ದಾ? ರಸ್ತೆ ಹೊಳ್ಳಿದ್ರೆ ಇದು ಕುತ್ಗೆಗೇ ಬತ್ತದೆ. ಬಿದ್ರೆ ಕೈಯೋ ಕಾಲೋ ಮುರೀಬೋದು. ಇದ್ರಲ್ಲಿ ನೇತಾಕ್ಕೊಂಡ್ರೆ ಮಗು ಉಳೀತದಾ?"

"ನಾನು ಪಕ್ಕದಲ್ಲೇ ಕೂತು ಹಿಡ್ಕೊಂಡಿರ್ತೀನಿ ಗುರುಪಾದಯ್ಯ."

"ನಿನ್ನ ಕೈಲಿ ಎಷ್ಟೊತ್ತು ಹಿಡ್ಯಕಾಯ್ತದಮ್ಮ? ಆಳಿನ ತೂಕ ಅವ್ಳೆ."

"ಹಲ್ಲಲ್ಲಿ ಕೀವಾಗದೆ. ಡಾಕ್ಟ್ರು ತಡ ಮಾಡ್ಬೇಡಿ ಅಂದವ್ರೆ."

"ಮಖ ನೋಡುದ್ರೇ ಗೊತ್ತಾಯ್ತದೆ," ಅಂದರು. "ನಾನು ಈ ಕೆಲ್ಸಕ್ಕೆ ಹೊಸದಾಗಿ ಬಂದಾಗ ಒಬ್ಬ ದೊಡ್ಡ ಹುಡುಗುನ್ನ ಹಗ್ಗದಲ್ಲಿ ಕಟ್ಕೊಂಡು ಬಂದಿದ್ರು. ಅವ್ರಪ್ಪ ಕೈ ಮುಗ್ದ. ಬುಟ್ಬುಟ್ಟೆ. ಬ್ಯಾಡ ಕಣಮ್ಮ, ನನ್ನ ಕೇಳ್ಬ್ಯಾಡ." ಅವರು ಗದರಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಅವರ ದನಿ ಮೆತ್ತಗಿತ್ತು. ನಾನು ಬಾಗಿಲು ಎಳೆದುಕೊಂಡೆ. ಚೆಲುವರಾಜು ವ್ಯಾನು ತಿರುಗಿಸಿದರು.

ಆಂಬುಲೆನ್ಸಿನವರನ್ನೂ ಕರೆಸಿದೆವು. ಅವರ ಸ್ಟ್ರೆಚರಿಗೆ ಒಳ್ಳೆಯ ಬೆಲ್ಟುಗಳಿದ್ದವು, ಆದರೆ ಅವು ನೆಟ್ಟಗೆ ಮಲಗುವವರಿಗೆ. ಕುಮುದಳ ಬೆನ್ನು ಬಾಗಿದೆ. ಅಂಗಾತ ಮಲಗಿಸಿ ಪಟ್ಟಿ ಬಿಗಿಯುತ್ತಿದ್ದಂತೆ ಜೊಲ್ಲು ಗಂಟಲಿಗೆ ಇಳಿದು, ಮೈ ಸೆಟೆದು, ತುಟಿ ನೀಲಿಗಟ್ಟಿತು. ಬಂದಿದ್ದ ಇಬ್ಬರೂ ಹೆದರಿ ಪಟ್ಟಿ ಬಿಚ್ಚಿದರು. ಸೀಟಿನ ಅಂಗಡಿಗೂ ಹೋದೆ. ಬಣ್ಣಬಣ್ಣದ ಸೀಟುಗಳ ನಡುವೆ ಕೂತಿದ್ದ ಮಾಲೀಕ, "ಹನ್ನೆರಡು ದಾಟಿದ್ಮೇಲೆ ದೊಡ್ಡೋರ ಬೆಲ್ಟೇ ಸಾಕಲ್ವಾ ಅಕ್ಕ?" ಅಂತ ಕೇಳಿದ. ಅವಳಿಗೆ ಕೂರೋಕೆ ಬರಲ್ಲ ಅಂದೆ. ಅವನು ನನ್ನನ್ನೇ ನೋಡುತ್ತಾ, "ಕೂರೋಕೆ ಬರ್ದೇ ಇರೋ ದೊಡ್ಡೋರೂ ಇರ್ತಾರಾ? ನಾನು ನೋಡೇ ಇಲ್ಲ," ಅಂದ. ಹಂಗಿಸಿ ಹೇಳಿದ್ದಲ್ಲ. ನಿಜಕ್ಕೂ ಅವನು ನೋಡಿರಲಿಲ್ಲ. ಅಂಥವರು ಗೇಟಿನ ತನಕ ಬಂದರೆ ತಾನೇ ಅವನ ಕಣ್ಣಿಗೆ ಬೀಳುವುದು.

ಅಂಥವರನ್ನು ನಾನು ಹುಡುಕಿಕೊಂಡು ಹೊರಟೆ. ಯಾರಾದರೊಬ್ಬರು ಏನಾದರೊಂದು ದಾರಿ ಕಂಡುಕೊಂಡಿರಬೇಕಲ್ಲ. ಎರಡು ಬೀದಿ ಆಚೆ ಲಕ್ವ ಹೊಡೆದ ಮುದುಕರೊಬ್ಬರು ಅಡುಗೆಮನೆಯ ಪಕ್ಕದ ಕೋಣೆಯಲ್ಲಿದ್ದರು. ಸೊಸೆ ಅವರನ್ನು ಕುರ್ಚಿಗೆ ಟವೆಲಿನಿಂದ ಕಟ್ಟಿ ಗಂಜಿ ಕುಡಿಸುತ್ತಿದ್ದಳು. ಕೆರೆ ಬೀದಿಯಲ್ಲಿ ಒಬ್ಬ ಅಕ್ಕ ನಲವತ್ತು ವರ್ಷದ ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಅವನಿಗೆ ಕೂರಲು ಬರುತ್ತದೆ, ಆದರೆ ಎಂಥ ಬಕಲನ್ನಾದರೂ ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಿ ಎದ್ದು ನಿಲ್ಲುತ್ತಾನೆ. "ಅಪ್ಪ ಇದ್ದಾಗ ಮೇಲೆ ಬಿದ್ದು ಅದುಮ್ಕೋತಿದ್ರು. ಈಗ ಯಾರು ಅದುಮ್ತಾರೆ?" ಅಂದಳು. ಎಲ್ಲರೂ ಒಂದೇ ಮಾತು ಹೇಳಿದರು: ನಿಮಗೇನಾದ್ರೂ ಸಿಕ್ಕಿದ್ರೆ ನಮಗೂ ತಿಳಿಸಿ. ಕಡೆಗೆ ಆ ಅಕ್ಕನೇ ಪುಟ್ಟಗೌರಮ್ಮನ ಹೆಸರು ಹೇಳಿದಳು. "ಅವರ ಮಗ ಸ್ವಾಮಿಗೆ ಒಂದು ದೊಡ್ಡ ಸೀಟು ತರಿಸಿದ್ರು, ಎಲ್ಲಿಂದಲೋ ಹಡಗಿನಲ್ಲಿ ಬಂದಿದ್ದು. ಸ್ವಾಮಿ ಹೋದ ವರ್ಷ ಜ್ವರದಲ್ಲಿ ತೀರ್ಕೊಂಡ. ಸೀಟು ಇನ್ನೂ ಮನೇಲಿದೆ. ಅದರ ಬಕಲು ಬೇರೆ ಥರ ಅಂತೆ, ನಾನೂ ತಮ್ಮನಿಗೋಸ್ಕರ ಕೇಳ್ದೆ. ಕೊಡಲ್ಲ ಅಂದ್ರು. ನೀವೂ ಕೇಳಿ ನೋಡಿ."

ಪುಟ್ಟಗೌರಮ್ಮನಿಗೆ ಅರವತ್ತರ ಮೇಲಾಗಿತ್ತು. ಗಿಡ್ಡ ಮೈ, ಅಗಲವಾದ ಭುಜಗಳು. ಭಾರ ಎತ್ತಿ ಎತ್ತಿ ಬಂದ ಭುಜ ಅದು, ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬಾಗಿಲಲ್ಲೇ ನಿಂತು ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ಅವರ ಹೆಗಲ ಮೇಲಿಂದ ನಡುಮನೆ ಕಾಣುತ್ತಿತ್ತು. ಕಿಟಕಿಯ ಬೆಳಕಿನಲ್ಲಿ ಆ ಸೀಟು ಇತ್ತು: ಕಂದು ಬಣ್ಣದ್ದು, ದೊಡ್ಡದು, ತಲೆಗೆ ಎರಡೂ ಕಡೆ ಆಸರೆ, ಪಕ್ಕೆಗೆ ಆಸರೆ, ಐದು ಪಟ್ಟಿ. ಕುಮುದಳ ಹಳೆಯ ಸೀಟೇ ಬೆಳೆದು ದೊಡ್ಡದಾದಂತಿತ್ತು.

"ಅದು ಕೊಡೋ ಸಾಮಾನಲ್ಲ ಕಣಮ್ಮ," ಅಂದರು.

ನಾನು ವಾದ ಮಾಡಲಿಲ್ಲ. ಸರಿ ಅಂದೆ. ತಿರುಗಿ ಜಗುಲಿಯ ಮೆಟ್ಟಿಲು ಇಳಿಯಬೇಕು, ಕಾಲೇ ಏಳಲಿಲ್ಲ. ಕಂಬ ಹಿಡಿದುಕೊಂಡು ನಿಂತೆ. ಬಿಸಿಲು ಕಣ್ಣಿಗೆ ಬಿಳಿಯಾಗಿ ಕಂಡಿತು.

"ಏನವ್ವ? ಉಂಡಿದ್ದೀಯಾ ಬೆಳಿಗ್ಗೆಯಿಂದ?"

ನೆನಪಿಗೆ ಬರಲಿಲ್ಲ. ಅವರು ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು. "ಕೂತ್ಕೊ, ಒಂದು ಲೋಟ ಕಾಫಿ ಕುಡ್ದು ಹೋಗು," ಅಂತ ಅಡುಗೆಮನೆಗೆ ಹೋದರು. ನಡುಮನೆಯಲ್ಲಿ ಬೇರೆ ಕುರ್ಚಿ ಇರಲಿಲ್ಲ. ನೆಲದ ಮೇಲೆ ಕೂತರೆ ಮತ್ತೆ ಏಳಲಾರೆ ಅನ್ನಿಸಿತು. ಹಾಲು ಕಾಯುವವರೆಗೆ ಅಂದುಕೊಂಡು ಆ ಸೀಟಿನ ಅಂಚಿಗೆ ಕೂತೆ, ಆಮೇಲೆ ಬೆನ್ನು ಕೊಟ್ಟೆ. ಎರಡೂ ಪಕ್ಕೆಗೆ ಆಸರೆ ಸಿಕ್ಕಿತು. ತಲೆ ವಾಲಿದ ಕಡೆಗೇ ಒಂದು ಮೆತ್ತೆ ಇತ್ತು. ಎಷ್ಟೋ ವರ್ಷಗಳಿಂದ ನಾನೇ ಇನ್ನೊಬ್ಬರನ್ನು ಹಿಡಿದುಕೊಂಡಿದ್ದೆ. ನನ್ನನ್ನು ಏನಾದರೂ ಹಿಡಿದುಕೊಂಡದ್ದು ಅದೇ ಮೊದಲು. ಕಾಫಿಯ ವಾಸನೆ ಬಂದದ್ದು ನೆನಪಿದೆ. ಅಷ್ಟೇ.

ಕಣ್ಣು ಬಿಟ್ಟಾಗ ಕಿಟಕಿಯ ಬೆಳಕು ಎದುರು ಗೋಡೆಗೆ ಸರಿದಿತ್ತು. ಏಳಲು ಹೋದೆ, ಆಗಲಿಲ್ಲ. ಭುಜದ ಮೇಲೆ, ಸೊಂಟದ ಮೇಲೆ ಪಟ್ಟಿಗಳು. ಪುಟ್ಟಗೌರಮ್ಮ ಎದುರಿಗೆ ನೆಲದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು.

"ಜಾರ್ತಾ ಇದ್ದೆ. ಬಿದ್ದೀಯ ಅಂತ ಕಟ್ದೆ," ಅಂದರು.

ನಾಚಿಕೆಯಿಂದ ಬಕಲು ಹುಡುಕತೊಡಗಿದೆ. ನನ್ನ ಕೈಗೆ ಅದು ಬಿಚ್ಚಲೊಲ್ಲದು. ಅವರು ಎದ್ದು ಬಂದು ಹೆಬ್ಬೆರಳಿನಿಂದ ಒಂದು ಕಡೆ ಒತ್ತಿದರು, ಪಟ್ಟಿಗಳು ಬಿಟ್ಟುಕೊಂಡವು. "ಸ್ವಾಮಿ ಹೋದ್ಮೇಲೆ ಈ ಬಕಲು ಹಾಕಿದ್ದು ಇವತ್ತೇ," ಅಂದರು. ಆಮೇಲೆ ಅಡುಗೆಮನೆಗೆ ಹೋಗಿ, ಕಾಫಿಯನ್ನು ಮತ್ತೆ ಬಿಸಿ ಮಾಡಿ ತಂದು ಕೊಟ್ಟರು. ನಾನು ಕುಡಿದು ಮುಗಿಸಿದೆ. ಲೋಟ ಇಸಿದುಕೊಳ್ಳುತ್ತಾ, "ಸೀಟು ಮನೆಯಿಂದಾಚೆ ಹೋಗಲ್ಲ. ಮಗಳನ್ನ ಇಲ್ಲಿಗೆ ಕರ್ಕೊಂಡು ಬಾ. ಆಯ್ತದೋ ಇಲ್ವೋ ನೋಡಾನ," ಅಂದರು.

ಆ ಸಂಜೆಯೇ ಕರೆದುಕೊಂಡು ಹೋದೆವು. ಕುಮುದಳ ಕೆನ್ನೆ ಅಷ್ಟರಲ್ಲಿ ಕಣ್ಣಿನ ತನಕ ಊದಿತ್ತು. ಚೆಲುವರಾಜು ಎತ್ತಿ ಕೂರಿಸಿದರು, ನಾನು ಪಟ್ಟಿ ಹಾಕಿದೆ. ಬಕಲು ಮುಚ್ಚಿದ ಸದ್ದಿಗೆ ನನ್ನ ಎದೆ ಹಗುರವಾಯಿತು. ಪುಟ್ಟಗೌರಮ್ಮ ಮಂಡಿಯೂರಿ ಕೂತು, ಗುರುಪಾದಯ್ಯ ಮಾಡಿದ ಹಾಗೆಯೇ ಅವಳ ಮೊಣಕಾಲು ಹಿಡಿದು ಎಳೆದರು. ಕುಮುದ ಜಾರಿದಳು. ಸ್ವಾಮಿ ದಪ್ಪ ಆಳು. ಅವನ ಅಳತೆಯ ಸೀಟಿನಲ್ಲಿ ನನ್ನ ಮಗಳು ದೊಡ್ಡ ಡಬ್ಬದ ತಳದಲ್ಲಿ ಬಿದ್ದ ಚಮಚದಂತಿದ್ದಳು. ಭುಜದ ಪಟ್ಟಿ ಕಿವಿಯ ಹತ್ತಿರದಿಂದ ಬರುತ್ತಿತ್ತು.

"ಎರಡೂ ಕಡೆ ಬಟ್ಟೆ ತುರುಕಿದ್ರೆ?" ಅಂದರು ಚೆಲುವರಾಜು.

"ಬಟ್ಟೆ ಅಮುಕ್ಕೋತದೆ ಕಣಪ್ಪ. ಮೊದಮೊದಲು ನಾನೂ ತುರುಕಿದ್ದೆ, ಒಂದು ಹೊರಳಿಗೇ ಎಲ್ಲಾ ಕಿತ್ಕೊಂಡು ಬಂತು. ಎದೆ ಬಿಗಿದ್ರೆ ಏನೂ ಆಗಲ್ಲ. ಸೊಂಟ ಹಿಡೀಬೇಕು. ಇಲ್ಲಿ, ಈ ಮೂಳೆ ಮೇಲೆ. ಸೊಂಟ ಅಲ್ಲಾಡದೆ ಇದ್ರೆ ಮಿಕ್ಕಿದ್ದು ತಾನಾಗೇ ನಿಲ್ತದೆ." ಅವರು ಕೂರುವ ಜಾಗವನ್ನು ಕೈಯಿಂದ ಸವರಿದರು. ಅಲ್ಲಿ ಒಂದು ತಗ್ಗು ಬಿದ್ದಿತ್ತು. "ಇವಳಿಗೆ ಸರಿಯಾಗ್ಬೇಕಾದ್ರೆ ಇದನ್ನ ಕೊಯ್ದು ಬೇರೆ ಥರ ಮಾಡ್ಬೇಕು. ಒಳಗಿನ ಸ್ಪಂಜು, ಪಟ್ಟಿ ಬರೋ ತೂತು, ಎಲ್ಲಾ."

ಕೊಯ್ದರೆ ಅದು ಸ್ವಾಮಿಯ ಸೀಟಾಗಿ ಉಳಿಯುವುದಿಲ್ಲ. ಕೇಳಲು ನನಗೆ ಬಾಯಿ ಬರಲಿಲ್ಲ. ಕುಮುದ ನರಳಿದಳು, ಜೊಲ್ಲು ಸೀಟಿನ ಮೇಲೆ ಇಳಿಯಿತು, ನಾನು ಸೆರಗಿನಿಂದ ಒರೆಸಿದೆ. ಪುಟ್ಟಗೌರಮ್ಮ ಗೋಡೆಯ ಕಡೆ ತಿರುಗಿ, "ನೀವು ಹೊರಡಿ ಈಗ," ಅಂದರು.

ಮನೆಗೆ ಬಂದ ಮೇಲೆ ಕುಮುದಳಿಗೆ ಜ್ವರ ಏರಿತು. ಡಾಕ್ಟರು ಮತ್ತೆ ಬಂದು ಸೂಜಿ ಕೊಟ್ಟರು, ನುಂಗುವುದಕ್ಕೆ ಆಗುತ್ತಿದೆಯಾ ಎಂದು ಪದೇ ಪದೇ ಕೇಳಿದರು. ನಾನು ಚಮಚದಲ್ಲಿ ನೀರು ಬಿಡುತ್ತಾ ಕೂತೆ. ಅರ್ಧ ಒಳಗೆ ಹೋಗುತ್ತಿತ್ತು, ಅರ್ಧ ಕತ್ತಿನ ಮೇಲೆ ಇಳಿಯುತ್ತಿತ್ತು. ಚೆಲುವರಾಜು, "ಗೇಟು ಒಡ್ಕೊಂಡೇ ಹೋಗ್ಬಿಡ್ಲಾ ಜಯಾ?" ಅಂದರು. ಜೋರು ಮಾತಾಡಿದವರೇ ಅಲ್ಲ ಅವರು. "ಹೋಗಿ? ರಸ್ತೆ ಹೊರಳಿದ್ರೆ ಏನ್ಮಾಡ್ತೀರಿ?" ಅಂದೆ. ಅವರು ಎದ್ದು ಹೋಗಿ ವ್ಯಾನಿನೊಳಗೆ ಕೂತರು, ಬೆಳಗಾಗುವ ತನಕ ಅಲ್ಲೇ ಇದ್ದರು.

ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಬೀದಿಯಲ್ಲಿ ಒಂದು ತಳ್ಳುಗಾಡಿ ಬರುತ್ತಿತ್ತು. ಪುಟ್ಟಗೌರಮ್ಮನೇ ತಳ್ಳುತ್ತಿದ್ದರು. ಗಾಡಿಯ ಮೇಲೆ ಸೀಟು. ಎರಡೂ ಪಕ್ಕದ ಆಸರೆ ಒಳಗೆ ಸರಿದಿತ್ತು. ಕೂರುವ ಜಾಗದಲ್ಲಿ ಸ್ಪಂಜು ಕೊಯ್ದು, ಹಿಂದಕ್ಕೆ ಇಳಿಜಾರಾಗುವಂತೆ ಕೂಡಿಸಿ, ಮೇಲೆ ಹಳೇ ಜಮಖಾನ ಎಳೆದು ಗೋಣಿ ದಬ್ಬಳದಲ್ಲಿ ಹೊಲಿದಿದ್ದರು. ಹೊಲಿಗೆ ಸೊಟ್ಟಪಟ್ಟ ಇದ್ದರೂ ಗಟ್ಟಿಯಾಗಿತ್ತು. ಭುಜದ ಪಟ್ಟಿಗೆ ಬೆನ್ನಿನಲ್ಲಿ ಕೆಳಗೆ ಹೊಸ ತೂತುಗಳು. ಅವರ ಬೆರಳುಗಳಿಗೆ ಬೊಬ್ಬೆ ಬಂದಿತ್ತು.

"ಈಳಿಗೆಮಣೇಲಿ ಕುಯ್ದೆ," ಅಂದರು. "ಸುಮ್ನೆ ಯಾಕೆ ನಿಂತಿದ್ದೀಯ? ಅವಳನ್ನ ಎತ್ಕೊಂಡು ಬಾ."

ವ್ಯಾನಿನಲ್ಲಿ ಮಧ್ಯದ ಸೀಟಿನ ಪಕ್ಕ ನೆಲದ ಮೇಲೆ ಆ ಸೀಟಿಟ್ಟು ಕುಮುದಳನ್ನು ಕೂರಿಸಿದೆವು. ಪಟ್ಟಿ ಹಾಕಲು ಪುಟ್ಟಗೌರಮ್ಮ ನನ್ನನ್ನು ಬಿಡಲಿಲ್ಲ. ಮೊದಲು ಅವಳ ಸೊಂಟವನ್ನು ಹಿಂದಕ್ಕೆ ತಳ್ಳಿ, ಸೊಂಟದ ಪಟ್ಟಿಯನ್ನು ಕೆಳಗೆ ತೊಡೆಯ ಸಂದಿಗೆ ಇಳಿಸಿ ಬಿಗಿದರು, ಆಮೇಲೆ ಕಾಲುಗಳ ನಡುವಿನದು, ಕಡೆಗೆ ಭುಜದ್ದು. ಮೊಣಕಾಲು ಹಿಡಿದು ಎಳೆದರು. ಕುಮುದ ಅಲ್ಲಾಡಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದರು. ಅಲ್ಲಾಡಲಿಲ್ಲ. "ನಾನೂ ಬತ್ತೀನಿ," ಅಂತ ಹೇಳಿ, ಯಾರನ್ನೂ ಕೇಳದೆ ಪಕ್ಕದಲ್ಲಿ ಕೂತು ತಮ್ಮ ಬೆಲ್ಟು ಹಾಕಿಕೊಂಡರು.

ಗೇಟಿನಲ್ಲಿ ಗುರುಪಾದಯ್ಯ ಸೀಟನ್ನು ನೋಡಿದರು, ಪುಟ್ಟಗೌರಮ್ಮನನ್ನು ನೋಡಿದರು, ಟೋಪಿ ತೆಗೆದರು. "ಸ್ವಾಮೀದಲ್ವಾ?" ಅಂದರು. ಪುಟ್ಟಗೌರಮ್ಮ ಹೌದೆಂದು ತಲೆಯಾಡಿಸಿದರು. ಗುರುಪಾದಯ್ಯ ಒಂದೊಂದೇ ಪಟ್ಟಿ ಎಳೆದು ನೋಡಿದರು. ಸೊಂಟ, ಭುಜ, ಮೊಣಕಾಲು. ಎಲ್ಲ ಸರಿ ಅನ್ನುವ ಹಾಗೆ ಹೂಂಗುಟ್ಟಿದರು. ಆಮೇಲೆ ವ್ಯಾನಿನ ಹಿಂದಕ್ಕೆ ಹೋಗಿ, ಸೀಟಿನ ಬೆನ್ನಿಗೆ ಎರಡೂ ಕೈ ಕೊಟ್ಟು ಮುಂದಕ್ಕೆ ದಬ್ಬಿದರು. ಇಡೀ ಸೀಟು ಕುಮುದಳ ಸಮೇತ ಮುಂದಕ್ಕೆ ವಾಲಿತು.

"ಮಗು ಸೀಟಿಗೆ ಗಟ್ಟಿಯಾಗವ್ಳೆ. ಸೀಟು ಗಾಡಿಗೆ ಗಟ್ಟಿಯಾಗಿಲ್ಲ."

ನಾನು ಮುಖ ಮುಚ್ಚಿಕೊಂಡೆ. ಪುಟ್ಟಗೌರಮ್ಮ, "ಹೌದು, ಹಿಂದೆ ಒಂದು ಪಟ್ಟಿ ಇತ್ತು. ನಮ್ಮ ಜೀಪಿನ ಕಂಬಿಗೆ ಹಾಕ್ತಿದ್ದೋ. ಮರ್ತೇಹೋಯ್ತು ನನಗೆ," ಅಂತ ಸೀಟಿನ ಹಿಂದೆ ಕೈಹಾಕಿ ಒಂದು ಉದ್ದನೆಯ ಪಟ್ಟಿ ಎಳೆದರು. ತುದಿಯಲ್ಲಿ ಕಬ್ಬಿಣದ ಕೊಂಡಿ ಇತ್ತು. ಅದನ್ನು ಸಿಕ್ಕಿಸಲು ಕಂಬಿಯೇ ಇರಲಿಲ್ಲ. ಹಿಂದೆ ನಿಂತ ಗಾಡಿಗಳು ಹಾರನ್ ಹೊಡೆಯುತ್ತಿದ್ದವು. ಕುಮುದ ದವಡೆಗೆ ಹೊಡೆದುಕೊಳ್ಳುತ್ತಿದ್ದಳು, ಅವಳ ಕೈ ಹಿಡಿದರೆ ಬೆಂಕಿಯಂತೆ ಸುಡುತ್ತಿತ್ತು.

ಚೆಲುವರಾಜು ವ್ಯಾನಿನ ನೆಲಕ್ಕೆ ಹಾಸಿದ್ದ ರಬ್ಬರನ್ನು ಎತ್ತಿ ಆಚೆ ಎಸೆದರು. ಕೆಳಗೆ ಬಳೆಗಳಂಥ ಉಕ್ಕಿನ ಉಂಗುರಗಳಿದ್ದವು, ಹಾಲಿನ ಕ್ಯಾನುಗಳನ್ನು ಕಟ್ಟುವುದಕ್ಕೆ. ದಿನಾ ತುಂಬಿದ ಕ್ಯಾನುಗಳು ಅವಕ್ಕೇ ನೇತುಬಿದ್ದು ತಲೆಕೆಳಗಾಗಿ ಬರುತ್ತವೆ. ಒಂದು ಉಂಗುರಕ್ಕೆ ಕೊಂಡಿ ಹಾಕಿದರು, ಎರಡು ಉಂಗುರಗಳಿಗೆ ಸೀಟಿನ ಕಾಲುಗಳನ್ನು ಕ್ಯಾನಿನ ಬೆಲ್ಟಿನಿಂದಲೇ ಕಟ್ಟಿದರು, ಕಾಲು ಊರಿ ಎಳೆದು ಬಿಗಿದರು. ಗುರುಪಾದಯ್ಯ ಮತ್ತೆ ಬೆನ್ನಿಗೆ ಕೈ ಕೊಟ್ಟರು. ಸೀಟಿನ ಜೊತೆ ಇಡೀ ವ್ಯಾನೇ ಅಲ್ಲಾಡಿತು. ಅವರು ಹಿಂದೆ ಸರಿದು ಗೇಟು ಎತ್ತಿದರು.

ಅರ್ಧ ದಾರಿಯ ತನಕ ಏನೂ ಆಗಲಿಲ್ಲ. ಆಮೇಲೆ ಕಿಟಕಿಯ ಆಚೆಗಿನ ಜೌಗು ಮೆಲ್ಲಗೆ ಮೇಲೇರತೊಡಗಿತು. ಚೆಲುವರಾಜು ಬ್ರೇಕು ಒತ್ತಿ, "ಬಂತು," ಅಂದರು. ಜೀವಮಾನದಲ್ಲಿ ಎಷ್ಟೋ ಸಲ ಹೊರಳಿದವಳು ನಾನು. ಆ ಹೊತ್ತಿಗೆ ಕಿಟಕಿಯ ಕಡೆ ನೋಡಲಿಲ್ಲ. ಕುಮುದಳ ಸೊಂಟದ ಪಟ್ಟಿಯನ್ನೇ ನೋಡುತ್ತಿದ್ದೆ. ಅವಳ ಕೂದಲು ಸೂರಿನ ಕಡೆ ಇಳಿಯಿತು, ಕೈಗಳು ತೂಗಿದವು, ಜೊಲ್ಲು ಹಣೆಯ ಕಡೆ ಹರಿಯಿತು. ಪಟ್ಟಿ ಬಿಗಿದು ಒಂದು ಸಲ ಕಿರುಗುಟ್ಟಿತು. ಸೊಂಟ ಇದ್ದಲ್ಲೇ ಇತ್ತು. ಬೆರಳಿನಷ್ಟೂ ಜಾರಲಿಲ್ಲ. ಪಕ್ಕದಲ್ಲಿ ಪುಟ್ಟಗೌರಮ್ಮ ತಲೆಕೆಳಗಾಗಿ, ಕಣ್ಣು ಮುಚ್ಚಿಕೊಂಡು, ಸೀಟಿನ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಅವರ ಕಣ್ಣೀರು ಹುಬ್ಬು ದಾಟಿ ಬಿಳಿಕೂದಲಿನೊಳಗೆ ಹೋಗುತ್ತಿತ್ತು. "ಸ್ವಾಮಿ ಈಗ ನಗ್ತಿದ್ದ. ಹೊರಳಿದಾಗ್ಲೆಲ್ಲಾ ನಗ್ತಿದ್ದ," ಅಂದರು. ಕುಮುದ ನಗಲಿಲ್ಲ. ಆದರೆ ದವಡೆಗೆ ಹೊಡೆದುಕೊಳ್ಳುವುದನ್ನು ನಿಲ್ಲಿಸಿ, ಬಾಯಿ ತೆರೆದುಕೊಂಡು, ತನ್ನ ಮುಂದೆ ತೂಗುವ ಸ್ವಂತ ಕೈಗಳನ್ನೇ ನೋಡುತ್ತಿದ್ದಳು. ಜೌಗು ಮತ್ತೆ ಕೆಳಗಿಳಿಯಿತು.

ಆಸ್ಪತ್ರೆಯಲ್ಲಿ ಮೊದಲು ಔಷಧಿ ಹಾಕಿ ಜ್ವರ ಇಳಿಸಿದರು, ಮರುದಿನ ಮತ್ತು ಕೊಟ್ಟು ಪಕ್ಕದ್ದೂ ಸೇರಿ ಎರಡು ಹಲ್ಲು ಕಿತ್ತರು. ಇನ್ನಷ್ಟು ತಡವಾಗಿದ್ದರೆ ಏನಾಗುತ್ತಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಲು ಹೊರಟಾಗ ಪುಟ್ಟಗೌರಮ್ಮ, "ಆಗ್ಲಿಲ್ವಲ್ಲ, ಬುಡಿ ಡಾಕ್ಟ್ರೇ," ಅಂತ ಕೈ ಅಡ್ಡ ಮಾಡಿದರು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದೆ, ಅವರು ಕುಮುದಳ ಪಕ್ಕ ಕೂತರು. ಅವರು ಮಲಗಿದಾಗ ನಾನು ಕೂತೆ. ಮೂರನೆಯ ದಿನ ಕುಮುದ ಮೊಸರನ್ನ ನುಂಗಿದಳು. ಒಂದು ತುತ್ತು, ಇನ್ನೊಂದು, ಬಟ್ಟಲು ಖಾಲಿಯಾಗುವ ತನಕ. ನಾನು ಖಾಲಿ ಬಟ್ಟಲು ಹಿಡಿದುಕೊಂಡು ಪುಟ್ಟಗೌರಮ್ಮನ ಕಡೆ ತಿರುಗಿದೆ. ಅವರು ಕುಮುದಳ ಮೂತಿ ಒರೆಸುತ್ತಿದ್ದರು.

ವಾಪಸು ಬರುವಾಗ ರಸ್ತೆ ಹೊರಳಲಿಲ್ಲ. ಈಗ ಹೊರಳೀತು, ಈಗ ಹೊರಳೀತು ಎಂದು ಮೈ ಬಿಗಿಹಿಡಿದು ಕೂತು, ಸುಮ್ಮನೆ ಊರು ಮುಟ್ಟಿದೆವು. ಎಲ್ಲರಿಗೂ ಮೈಕೈ ಸೋತಿತ್ತು. ಮನೆಯ ಮುಂದೆ ವ್ಯಾನು ನಿಲ್ಲಿಸಿ ನಾನು ಬಕಲಿಗೆ ಕೈಹಾಕಿದೆ. ಕುಮುದ ಮೈ ಸೆಟೆಸಿ ಊಳಿಟ್ಟಳು. ನೋವಿರಬೇಕೆಂದು ಕೈ ತೆಗೆದೆ, ಸುಮ್ಮನಾದಳು. ಮತ್ತೆ ಕೈಹಾಕಿದೆ, ಮತ್ತೆ ಊಳಿಟ್ಟಳು.

"ಇಳಿಯಕ್ಕೆ ಇಷ್ಟ ಇಲ್ಲ ಅವಳಿಗೆ," ಅಂದರು ಪುಟ್ಟಗೌರಮ್ಮ.

ಚೆಲುವರಾಜು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟುಕೊಂಡಿದ್ದರು. ಅವರೂ ನಿದ್ದೆ ಮಾಡಿರಲಿಲ್ಲ. ತಲೆ ಎತ್ತಿ ಬೀಗದ ಕೈ ತಿರುಗಿಸಿದರು. ವ್ಯಾನು ನಮ್ಮ ಬೀದಿ ಬಿಟ್ಟು ಸಂತೆ ಬೀದಿಗೆ ಬಂತು. ಸಂಜೆಯಾಗುತ್ತಿತ್ತು. ಜನ ಜಗುಲಿಗಳ ಮೇಲೆ ಕೂತಿದ್ದರು. ಕುಮುದ ನೆಟ್ಟಗೆ ಕೂತು, ತಲೆಯ ಆಸರೆಗೆ ಕೆನ್ನೆ ಒರಗಿಸಿಕೊಂಡು, ಎಲ್ಲವನ್ನೂ ನೋಡುತ್ತಿದ್ದಳು: ಸೈಕಲ್ಲು, ನಾಯಿ, ಬಲ್ಬು, ಬಣ್ಣದ ಕೊಡಗಳ ಅಂಗಡಿ. ಅವಳ ಗಂಟಲಿನಿಂದ ಸಣ್ಣ ಸಣ್ಣ ಸದ್ದು ಹೊರಡುತ್ತಿತ್ತು.

ಮುಂದೆ ಎತ್ತಿನ ಗಾಡಿ ಅಡ್ಡ ಬಂದು ವ್ಯಾನು ನಿಂತಿತು. ಬದಿಯಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸು ಎದ್ದು ಬಂದು ಕಿಟಕಿಯಲ್ಲಿ ಇಣುಕಿದಳು. ವರ್ಷಗಳಿಂದ ನಾನು ಅವಳ ಹತ್ತಿರವೇ ಸೊಪ್ಪು ಕೊಳ್ಳುವುದು.

"ಯಾರವ್ವ ಈ ಹೆಣ್ಣುಮಗು?"

"ನನ್ನ ಮಗಳು."

"ಇಷ್ಟು ದೊಡ್ಡ ಮಗಳವ್ಳಾ ನಿಂಗೆ? ಹೆಸರೇನು?"

ನಾನು ಬಾಯಿ ತೆರೆಯುವ ಮೊದಲೇ ಪುಟ್ಟಗೌರಮ್ಮ, "ಕುಮುದ ಅಂತ," ಅಂದರು. ಸೊಪ್ಪಿನವಳು ಕಿಟಕಿಯೊಳಗೆ ಕೈ ಚಾಚಿ ಕುಮುದಳ ಗಲ್ಲ ಮುಟ್ಟಿ, "ಕುಮುದ," ಅಂದಳು. ಗಾಡಿ ಸರಿಯಿತು. ವ್ಯಾನು ಮುಂದಕ್ಕೆ ಹೋಯಿತು. ನನ್ನ ಕೈಗಳು ನನ್ನ ತೊಡೆಯ ಮೇಲಿದ್ದವು. ಅವಕ್ಕೆ ಹಿಡಿದುಕೊಳ್ಳಬೇಕಾದ್ದು ಏನೂ ಇರಲಿಲ್ಲ.